ಮಿಸ್ಸು ಹೊಡೆಯುವ ಟಿಲ್ಲರು

ಮಂಡ್ಯ ಸೀಮೆಯ ಸಿಂಧಘಟ್ಟದ ಕೆರೆಯ ಕೆಳಗೆ ನಮಗಿರುವ ಎರಡು ಎಕರೆ ಚಿಲ್ಲರೆ ಗದ್ದೆಯಲ್ಲಿ, ಕಳೆದ ವರ್ಷ ನಾಟಿಗೆಂದು ನೀರು ನಿಲ್ಲಿಸಿ ಮಣ್ಣನ್ನು ಕೆಸರು ಮಾಡುತ್ತಿದ್ದ ಸಮಯದಲ್ಲಿ, 18 ವರ್ಷಗಳಿಂದ ನಮ್ಮ ಮನೆಯ ಎತ್ತುಗಳ ಸ್ಥಾನವನ್ನು ಆಕ್ರಮಿಸಿಕೊಂಡಿರುವ ಹಳೆಯ ಟಿಲ್ಲರು ಅರ್ಧ ತಾಕನ್ನು ನಿರ್ವಿಘ್ನವಾಗಿ ತುಳಿದು ಮುಗಿಸಿ, ಬದುವಿನ ಬಳಿ ತಿರುಗುವ ಹೊತ್ತಿಗೆ, ಉಬ್ಬಸದ ರೋಗಿಯಂತೆ ಒಂದು ಉಸಿರು ಬಿಟ್ಟು ಒಂದು ಉಸಿರು ಎಳೆಯಲಾರಂಭಿಸಿತು. ಡುಗುಡುಗು ಎಂಬ ಅಖಂಡವಾದ ನಾದದ ನಡುವೆ ಒಂದೊಂದು ಬಡಿತ ಲೋಪವಾಗತೊಡಗಿ, ಆಕ್ಸಿಲರೇಟರನ್ನು ಏರಿಸಿದಷ್ಟೂ ಲೋಪಗಳು ಹೆಚ್ಚಿ, ಕಡೆಗೆ ಒಂದು ಕುಲುಕಾಟದೊಡನೆ ಯಂತ್ರ ಕೆಸರಿನ ಮಧ್ಯೆ ನಿಂತಿತು. ಅರ್ಧ ಗಂಟೆ ಬಿಟ್ಟು ಹ್ಯಾಂಡಲ್ ಹೊಡೆದರೆ, ತನಗೇನೂ ಆಗಿರಲೇ ಇಲ್ಲವೆಂಬಂತೆ ಹೊರಟಿತು. ಕಾಲು ಗಂಟೆಯ ತರುವಾಯ ಮತ್ತೆ ಅದೇ ಕಥೆ.

ನಮ್ಮ ತಂದೆಯವರ ಕಾಲದಲ್ಲಿ ಗದ್ದೆಯ ನಡುವೆ ಹೀಗೆ ನಿಂತುಬಿಡುತ್ತಿದ್ದುದು ಎತ್ತು. ಹೇಮಗಿರಿಯ ದನಗಳ ಜಾತ್ರೆಯಲ್ಲಿ ಹಲ್ಲು ನೋಡಿ, ಸುಳಿ ನೋಡಿ, ನಡೆಸಿ ನೋಡಿ ತಂದ ಹಳ್ಳಿಕಾರ್ ಜೋಡಿಯಲ್ಲಿ ಒಂದು ಮಂಕಾದರೆ, ಅವರು ಮೊದಲು ಅದರ ಮೂತಿಯ ತೇವವನ್ನು ನೋಡುವರು. ಕಿವಿಯ ಬುಡ ಬಿಸಿಯೋ ತಣ್ಣಗೋ ಎಂದು ಮುಟ್ಟುವರು. ಮೆಲುಕು ಹಾಕುತ್ತಿದೆಯೇ, ಸಗಣಿ ಯಾವ ಹದದಲ್ಲಿದೆ, ನಿನ್ನೆ ತಿಂದುದೇನು ಎಂದು ವಿಚಾರಿಸುವರು. ಎತ್ತಿನ ಹೊಟ್ಟೆಯನ್ನು ಕೊಯ್ದು ನೋಡೋಣವೆಂದು ಯಾರೂ ಹೊರಟದ್ದಿಲ್ಲ. ಎಂಜಿನ್ನಿನ ವಿಷಯದಲ್ಲಾದರೋ ನಾವು ಮಾಡುವ ಪ್ರಥಮ ಕಾರ್ಯವೇ ಅದು. ಅದು ಕಬ್ಬಿಣದ್ದೆಂಬ ಒಂದೇ ಕಾರಣಕ್ಕೆ, ನೋಡಿ ಕೇಳಿ ಮುಟ್ಟಿ ಮೂಸಿ ತಿಳಿಯಬಹುದಾದುದನ್ನೆಲ್ಲ ಬದಿಗಿಟ್ಟು, ಕೈಗೆ ಸ್ಪ್ಯಾನರು ತೆಗೆದುಕೊಳ್ಳುತ್ತೇವೆ. ಸ್ಪ್ಯಾನರಿನ ಅಗತ್ಯವಿಲ್ಲದ ಪರೀಕ್ಷೆಗಳೆಲ್ಲ ಮುಗಿಯುವವರೆಗೆ ಸ್ಪ್ಯಾನರನ್ನು ಮುಟ್ಟತಕ್ಕುದಲ್ಲವೆಂಬ ನಿಯಮವನ್ನು ನಾನು ಕಲಿತುದು ತಡವಾಗಿ, ಸಾಕಷ್ಟು ಹಣ ತೆತ್ತ ಮೇಲೆ.

ಟಿಲ್ಲರಿಗೆ ಇರುವುದು ಎರಡೇ ಚಕ್ರ. ಜಪಾನಿನ ಸಣ್ಣ ಸಣ್ಣ ಭತ್ತದ ಗದ್ದೆಗಳಿಗಾಗಿ ಬೆಳೆದ ಈ ಯಂತ್ರ, ಮಿತ್ಸುಬಿಷಿಯ ಸಹಯೋಗದಿಂದ ಬೆಂಗಳೂರಿನಲ್ಲಿ 1967ರಲ್ಲಿ ಸ್ಥಾಪಿತವಾದ ವಿ.ಎಸ್.ಟಿ. ಕಾರ್ಖಾನೆಯ ಮೂಲಕ ಕನ್ನಡನಾಡಿನ ನೀರಾವರಿ ಪ್ರದೇಶಗಳನ್ನು ಪ್ರವೇಶಿಸಿತು. 1973ರಲ್ಲಿ ಕೇರಳ ಸರ್ಕಾರವೂ ಇಂಥದೇ ಉದ್ಯಮವೊಂದನ್ನು ಆರಂಭಿಸಿತು. ಕೃಷ್ಣರಾಜಸಾಗರದ ನಾಲೆ, ಹೇಮಾವತಿಯ ನಾಲೆ, ಹಳೆಯ ಕೆರೆಗಳು, ಇವುಗಳ ಕೆಳಗೆ ಚೂರು ಚೂರಾಗಿ ಹಂಚಿಹೋದ ನಮ್ಮ ಹಿಡುವಳಿಗಳಿಗೆ, ದೊಡ್ಡ ಟ್ರ್ಯಾಕ್ಟರು ತಿರುಗಲಾರದ ಮೂಲೆಗಳಿಗೆ, ಟಿಲ್ಲರು ಹೇಳಿ ಮಾಡಿಸಿದಂತಿತ್ತು. ನಮ್ಮದು ಯಾವ ಕಂಪನಿಯದೆಂಬುದು ಇಲ್ಲಿ ಅಪ್ರಸ್ತುತ. ಅದಕ್ಕೆ ಬಂದ ಕಷ್ಟವು ಕಂಪನಿಯಿಂದ ಬಂದುದಲ್ಲ.

ಟಿಲ್ಲರಿನ ಎಂಜಿನ್ನಿಗೆ ಇರುವುದು ಒಂದೇ ಸಿಲಿಂಡರು. ನಾಲ್ಕು ಸಿಲಿಂಡರಿನ ಟ್ರ್ಯಾಕ್ಟರಿನಲ್ಲಿ ಒಬ್ಬ ಮೈಗಳ್ಳನಾದರೆ ಉಳಿದ ಮೂವರು ಅವನ ಪಾಲಿನ ಕೆಲಸವನ್ನೂ ಹೊತ್ತು ಸಂಸಾರದ ಮಾನ ಕಾಪಾಡುತ್ತಾರೆ. ಇಲ್ಲಿ ಆ ಒಬ್ಬನು ತಪ್ಪಿದರೆ ಕೇಳುವವರಿಲ್ಲ. ಗಾಳಿಯನ್ನು ಒಳಕ್ಕೆ ಎಳೆಯುವುದು, ಅದನ್ನು ಅದುಮುವುದು, ಅದುಮಿ ಕೆಂಡದಂತೆ ಕಾದ ಗಾಳಿಗೆ ಡೀಸೆಲ್ಲನ್ನು ಚಿಮುಕಿಸಿ ಉರಿಸುವುದು, ಹೊಗೆಯನ್ನು ಹೊರಕ್ಕೆ ತಳ್ಳುವುದು, ಇವು ನಾಲ್ಕೇ ಕ್ರಿಯೆ. ಸೈಕಲ್ಲಿನ ಪಂಪು ಹೊಡೆಯುವಾಗ ಅದರ ತುದಿ ಬೆರಳಿಗೆ ಬಿಸಿ ತಾಗುವುದನ್ನು ಬಲ್ಲ ಹುಡುಗನಿಗೆ, ಗಾಳಿಯನ್ನು 20ರಲ್ಲಿ ಒಂದು ಪಾಲಿಗೆ ಅದುಮಿದಾಗ ಅದು 500 ಡಿಗ್ರಿಗೂ ಮೀರಿ ಕಾಯುವುದೆಂಬುದು ವಿಸ್ಮಯವಾಗಲಾರದು. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ತಂತ್ರಜ್ಞನು 1897ರಲ್ಲಿ ಆಗ್ಸ್‌ಬರ್ಗಿನಲ್ಲಿ ಯಶಸ್ವಿಯಾಗಿ ತೋರಿಸಿಕೊಟ್ಟ ತತ್ತ್ವವು ಇಷ್ಟೇ: ಕಿಡಿಯ ಹಂಗಿಲ್ಲದೆ, ಒತ್ತಡದ ಬಿಸಿಯಿಂದಲೇ ಬೆಂಕಿ.

ತತ್ತ್ವ ಸರಳ; ಅಳತೆ ಅತಿ ಸೂಕ್ಷ್ಮ. ನಿಮಿಷಕ್ಕೆ 2400 ಸುತ್ತು ತಿರುಗುವ ಎಂಜಿನ್ನಿಗೆ ಎರಡು ಸುತ್ತಿಗೊಮ್ಮೆ, ಎಂದರೆ ನಿಮಿಷಕ್ಕೆ 1200 ಸಲ, ಡೀಸೆಲ್ ಬಡಿಸಬೇಕು. ಗಂಟೆಗೆ 2 ಲೀಟರು ಕುಡಿಯುವುದೆಂದು ಲೆಕ್ಕ ಹಿಡಿದರೆ ಆ 2 ಲೀಟರನ್ನು 72,000 ತುತ್ತುಗಳನ್ನಾಗಿ ವಿಭಾಗಿಸಬೇಕು. ಒಂದೊಂದು ತುತ್ತೂ ಒಂದು ಹನಿಗಿಂತ ಕಡಮೆ. ಈ ಹನಿಯನ್ನು ಅಳೆದು ಒತ್ತುವ ಪಂಪಿನ ಒಳಗೋಡೆಗೂ ಅದರೊಳಗೆ ಆಡುವ ಕಡ್ಡಿಗೂ ನಡುವಣ ಸಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು ಮಾತ್ರ; ನಮ್ಮ ತಲೆಗೂದಲಿನ ದಪ್ಪ ಅಂಥ 70 ಪಾಲಿನ ಆಸುಪಾಸು. ಇಂಥ ನಾಜೂಕಿನ ಅಂಗವನ್ನು, ಕೆಸರು ಮೆತ್ತಿದ ಕೈಯಿಂದ, ಗದ್ದೆಯ ಬದುವಿನ ಮೇಲೆ ಗೋಣಿಚೀಲ ಹಾಸಿ ಬಿಚ್ಚುವುದೆಂದರೆ ಏನೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಬದುವಿನ ಮೇಲೆ ಬಿಚ್ಚುವ ಸಾಹಸಕ್ಕೆ ನಾನು ಕೈಹಾಕಲಿಲ್ಲ. ಅದಕ್ಕಿಂತ ದುಬಾರಿಯಾದ ಮಾರ್ಗವನ್ನು ಹಿಡಿದೆನು. ಟಿಲ್ಲರನ್ನು ಪೇಟೆಯ ವರ್ಕ್‌ಶಾಪೊಂದಕ್ಕೆ ಸಾಗಿಸಿದೆ. ಅಲ್ಲಿ ಯಾರೂ ಅದನ್ನು ಕಾಲು ಗಂಟೆ ಓಡಿಸಿ ನೋಡುವ ಗೋಜಿಗೆ ಹೋಗಲಿಲ್ಲ. ಅಂಗಳದಲ್ಲಿ ಎರಡು ನಿಮಿಷ ಡುಗುಗುಟ್ಟಿಸಿ, ವಯಸ್ಸು ಕೇಳಿ, ಪಂಪು ಸರ್ವೀಸು, ಡೀಸೆಲ್ ಚಿಮುಕಿಸುವ ಹೊಸ ನಾಜಲ್ ಎಂದು ಚೀಟಿ ಬರೆದರು. ಮೂರು ದಿನದ ಮೇಲೆ, ಬಟ್ಟೆಯಿಂದ ಒರೆಸಿ ಥಳಥಳಿಸುವಂತೆ ಮಾಡಿ, ಹಳೆಯ ನಾಜಲ್ಲನ್ನು ಕಾಗದದಲ್ಲಿ ಸುತ್ತಿ ಕೈಗಿತ್ತು ಕಳುಹಿಸಿದರು. ಗದ್ದೆಗಿಳಿಸಿದ ಹದಿನೈದನೆಯ ನಿಮಿಷಕ್ಕೆ ಹಿಂದಿನ ಉಬ್ಬಸ ಯಥಾವತ್ತಾಗಿ ಪ್ರತ್ಯಕ್ಷವಾಯಿತು. ಅದರ ಜೊತೆಗೆ, ಮುನ್ನ ಇಲ್ಲದಿದ್ದ ಒಂದು ಕಪ್ಪು ಹೊಗೆಯೂ ಲೋಹ ಕುಟ್ಟಿದಂಥ ಒಂದು ಶಬ್ದವೂ ಅಧಿಕವಾಗಿ ಲಭಿಸಿದ್ದವು.

ಆಗ ನೆನಪಾದವರು, ಒಂದು ಕಾಲದಲ್ಲಿ ಸುತ್ತಲಿನ ಆಲೆಮನೆಗಳ ಗಾಣದ ಎಂಜಿನ್ನುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ, ಈಗ ಕಣ್ಣು ಮಂಜಾಗಿ ಕೆಲಸ ಬಿಟ್ಟಿರುವ ವೃದ್ಧ ಮೆಕ್ಯಾನಿಕರು. ಬರಿಗೈಯಲ್ಲಿ ಬಂದರು. ಯಂತ್ರವನ್ನು ನೋಡುವುದಕ್ಕೆ ಮುನ್ನ ತೆಂಗಿನ ಮರದ ಬುಡದಲ್ಲಿ ಕುಳಿತು ಎಲೆಯಡಿಕೆ ಹಾಕಿಕೊಂಡು ಕೇಳಿದ ಮೊದಲ ಪ್ರಶ್ನೆ, "ಎಷ್ಟೊತ್ತು ಓಡಿದ್ಮೇಲೆ ಬೀಳ್ತದೆ ಸಾ?" ಎಂಬುದು. ಎರಡನೆಯದು ನನಗೆ ವಿಚಿತ್ರವಾಗಿ ತೋರಿತು: "ಟ್ಯಾಂಕು ತುಂಬ್ಸಿದ್ ದಿಸ ಬೇಗ ಬೀಳ್ತದೋ, ಅರ್ಧ ಇದ್ದಾಗ್ಲೋ?" ನಾನು ನೆನಪಿಸಿಕೊಳ್ಳಲಾರದೆ ಹೋದೆ, ಟಿಲ್ಲರು ಹೊಡೆಯುವ ಹುಡುಗ ಮಾತ್ರ ತಡವರಿಸದೆ, ತುಂಬಿದ ದಿನವೇ ಬೇಗ ಎಂದನು. ಮುದುಕರು ಎದ್ದರು. ಎಂಜಿನ್ನನ್ನು ಓಡಬಿಟ್ಟು, ಅದು ಮಿಸ್ಸು ಹೊಡೆಯುವವರೆಗೆ ಕಾದು, ಹೊಡೆಯಲಾರಂಭಿಸಿದೊಡನೆ ಡೀಸೆಲ್ ಟ್ಯಾಂಕಿನ ಮುಚ್ಚಳವನ್ನು ಒಂದು ಸುತ್ತು ಸಡಿಲಿಸಿದರು. ಸುಯ್ ಎಂದು ಗಾಳಿ ಒಳನುಗ್ಗಿದ ಶಬ್ದ ಮೂರು ಮಾರು ದೂರದಲ್ಲಿದ್ದ ನನಗೂ ಕೇಳಿಸಿತು. ಒಂದೆರಡು ಕ್ಷಣಗಳಲ್ಲಿ ಬಡಿತಗಳು ಒಂದಕ್ಕೊಂದು ಸೇರಿ ನಾದ ಅಖಂಡವಾಯಿತು. "ಉಸ್ರು ಕಟ್ಕೊಂಡಿದ್ದು ಎಂಜಿನ್ನಿಗಲ್ಲ ಕಣ್ಸಾ, ಟ್ಯಾಂಕಿಗೆ" ಎಂದು ಮುಚ್ಚಳವನ್ನು ಮಗುಚಿ ತೋರಿಸಿದರು. ಅದರ ನಡುವೆ, ಸಾಸಿವೆ ಕಾಳು ಹಿಡಿಸುವಷ್ಟು ಒಂದು ತೂತಿರುತ್ತದೆ. ಆ ತೂತನ್ನು ಧೂಳು, ಡೀಸೆಲ್ಲಿನ ಜಿಡ್ಡು, ಅದರ ಮೇಲೆ ಕಣಜದ ಹುಳುವೊಂದು ತಂದು ಮೆತ್ತಿದ ಮಣ್ಣು, ಇವು ಮೂರೂ ಸೇರಿ ಗಾರೆಯಂತೆ ಭದ್ರವಾಗಿ ಮುಚ್ಚಿದ್ದವು. ಪರಕೆ ಕಡ್ಡಿಯೊಂದನ್ನು ಮುರಿದು ಚುಚ್ಚಿದರು. ಕೆಲಸ ಮುಗಿಯಿತು.

ಇದರ ಕಾರಣ ನಮ್ಮ ಅಂಗಡಿಯವರಿಗೆಲ್ಲ ಗೊತ್ತಿರುವುದೇ. ಎಣ್ಣೆ ಡಬ್ಬವನ್ನು ಒಡೆಯುವವರು ಒಂದು ಮೂಲೆಯಲ್ಲಿ ತೂತು ಮಾಡಿ ಸುಮ್ಮನಾಗುವುದಿಲ್ಲ. ಎದುರು ಮೂಲೆಯಲ್ಲಿ ಇನ್ನೊಂದು ಮಾಡುತ್ತಾರೆ. ಒಂದು ತೂತಿನಿಂದ ಎಣ್ಣೆ ಹೊರಟರೆ ಇನ್ನೊಂದರಿಂದ ಗಾಳಿ ಹೋಗಬೇಕು. ಇಲ್ಲದಿದ್ದರೆ ಎಣ್ಣೆ ಗುಳುಗುಳು ಎಂದು ತಡೆದು ತಡೆದು ಬಿದ್ದು ಕಡೆಗೆ ನಿಲ್ಲುತ್ತದೆ. ಟ್ಯಾಂಕಿನಿಂದ ಡೀಸೆಲ್ ಇಳಿದಷ್ಟೂ ಅದರ ಸ್ಥಳವನ್ನು ತುಂಬಲು ಗಾಳಿ ಬಾರದೆ, ಒಳಗೆ ಶೂನ್ಯತೆ ಬೆಳೆದು, ಪಂಪು ಎಷ್ಟು ಜಗ್ಗಿದರೂ ತುತ್ತು ಪೂರ್ತಿ ಬೀಳದ ಸ್ಥಿತಿ ಒದಗುತ್ತದೆ. ಟ್ಯಾಂಕು ತುಂಬಿದ್ದಾಗ ಡೀಸೆಲ್ಲಿನ ಮೇಲೆ ಉಳಿಯುವ ಗಾಳಿ ಅತ್ಯಲ್ಪವಾದುದರಿಂದ ಅದು ಬೇಗ ತೆಳುವಾಗುತ್ತದೆ. ಅರ್ಧವಿದ್ದಾಗ ಗಾಳಿ ಹೆಚ್ಚಿರುವುದರಿಂದ ಅಷ್ಟು ಹೊತ್ತು ತಾಳುತ್ತದೆ. ಅರ್ಧ ಗಂಟೆಯ ವಿಶ್ರಾಂತಿಯಲ್ಲಿ ಎಲ್ಲಿಂದಲೋ ಎಳೆಯಷ್ಟು ಗಾಳಿ ಸೋರಿ ಒಳಸೇರಿ ಲೆಕ್ಕ ಸರಿಯಾಗುತ್ತದೆ. ಮುದುಕರ ಎರಡನೆಯ ಪ್ರಶ್ನೆಯಲ್ಲಿ ಅಡಗಿದ್ದುದು ಇಷ್ಟು ಭೌತಶಾಸ್ತ್ರ.

ಉಬ್ಬಸ ಹೋಯಿತು, ಪೇಟೆಯಿಂದ ಬಂದ ಕಪ್ಪು ಹೊಗೆ ಹಾಗೆಯೇ ಇತ್ತು. ಹೊಗೆಯ ಬಣ್ಣವನ್ನು ಕುರಿತು ಒಂದೆರಡು ಮಾತು ಇಲ್ಲಿ ಹೇಳಬೇಕು. ಕಪ್ಪು ಹೊಗೆ ಅಜೀರ್ಣದ ಲಕ್ಷಣ: ಬಡಿಸಿದ ಡೀಸೆಲ್ಲು ಗಾಳಿಯ ಪ್ರಮಾಣಕ್ಕಿಂತ ಹೆಚ್ಚಾಗಿದೆ, ಇಲ್ಲವೇ ಗಾಳಿ ಕಡಮೆಯಾಗಿದೆ, ಇಲ್ಲವೇ ನಾಜಲ್ಲು ಮಂಜಿನಂತೆ ಚಿಮುಕಿಸುವುದನ್ನು ಬಿಟ್ಟು ಧಾರೆಯಾಗಿ ಸುರಿಯುತ್ತಿದೆ. ನೀಲಿ ಹೊಗೆಯೆಂದರೆ ಎಂಜಿನ್ ಆಯಿಲ್ಲು ಮೇಲೇರಿ ಉರಿಯುತ್ತಿದೆಯೆಂದರ್ಥ. ಅದು ಪಿಸ್ಟನ್ನಿನ ರಿಂಗಿನ ಸವೆತದ ಕಡೆಗೆ, ಒಮ್ಮೊಮ್ಮೆ ಕೇವಲ ಅಳತೆ ಮೀರಿ ಆಯಿಲ್ ಹೊಯ್ದ ಉತ್ಸಾಹದ ಕಡೆಗೆ, ಬೆರಳು ತೋರುತ್ತದೆ. ಬಿಳಿಯ ಹೊಗೆ ಉರಿಯದೆ ಆವಿಯಾದ ಡೀಸೆಲ್ಲು, ಅಥವಾ ನೀರು. ಚಳಿಗಾಲದ ಬೆಳಗ್ಗೆ ಒಂದೆರಡು ನಿಮಿಷ ಬಿಳಿ ಹೊಗೆ ಬಂದು ನಿಂತರೆ ಚಿಂತೆಯಿಲ್ಲ. ಕಾದ ಮೇಲೂ ಬರುತ್ತಿದ್ದರೆ ಒತ್ತಡ ಕಡಮೆಯಾಗಿದೆಯೆಂದೋ, ಡೀಸೆಲ್ಲಿನಲ್ಲಿ ನೀರು ಸೇರಿದೆಯೆಂದೋ ಶಂಕಿಸಬೇಕು.

ನಮ್ಮ ಯಂತ್ರದ ಕಪ್ಪು ಹೊಗೆಗೆ ಮುದುಕರು ಮೊದಲು ಗಾಳಿಯ ಡಬ್ಬವನ್ನು ಬಿಚ್ಚಿ ನೋಡಿದರು. ಅದರೊಳಗಿನ ಎಣ್ಣೆ ಹೊಯ್ದ ಬಟ್ಟಲು, ಒಳಹೋಗುವ ಧೂಳನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದು. ಕಬ್ಬಿನ ಗದ್ದೆಯ ರವದಿಯ ಪುಡಿಯಲ್ಲಿ ಓಡಾಡಿದ ಯಂತ್ರಗಳಲ್ಲಿ ಅದು ಗಂಜಿಯ ಹದಕ್ಕೆ ಬಂದಿರುವುದುಂಟು. ನಮ್ಮದು ನಿರ್ಮಲವಾಗಿತ್ತು. ಆ ಮೇಲೆಯೇ ಅವರು ಸ್ಪ್ಯಾನರು ಕೇಳಿದ್ದು. ನಾಜಲ್ಲನ್ನು ಹೊರತೆಗೆದು, ಅದು ಕುಳಿತುಕೊಳ್ಳುವ ಗುಂಡಿಯೊಳಕ್ಕೆ ಸೈಕಲ್ಲಿನ ಕಡ್ಡಿಯನ್ನು ತೂರಿಸಿ ಕೊಕ್ಕೆಯಂತೆ ಎಳೆದರು. ತಾಮ್ರದ ವಾಷರೊಂದು ಬಂತು. ಮತ್ತೊಮ್ಮೆ ಎಳೆದರು, ಮಸಿ ಹಿಡಿದು ಕಪ್ಪಾದ ಇನ್ನೊಂದು ಬಂತು. ಹೊಸ ವಾಷರು ಹಾಕಿದವರು ಹಳೆಯದನ್ನು ತೆಗೆಯಲು ಮರೆತಿದ್ದರು. ಒಂದು ವಾಷರಿನ ದಪ್ಪದಷ್ಟು ನಾಜಲ್ಲು ಹಿಂದೆ ಸರಿದುದರಿಂದ, ಅದರ ಚಿಮುಕು ಉರಿಯುವ ಕುಳಿಯ ನಡುವಿಗೆ ಬೀಳದೆ ಅಂಚಿಗೆ ಬಡಿದು, ಸರಿಯಾಗಿ ಉರಿಯದೆ ಮಸಿಯಾಗುತ್ತಿತ್ತು. ಒಂದು ವ್ಯಾಧಿಯ ಚಿಕಿತ್ಸೆಗೆಂದು ಹೋಗಿ ಇನ್ನೊಂದನ್ನು ಮನೆಗೆ ಕರೆತಂದಿದ್ದೆ, ಶುಲ್ಕವನ್ನೂ ಕೊಟ್ಟಿದ್ದೆ.

ಪೈಪುಗಳನ್ನು ಬಿಚ್ಚಿ ಕೂಡಿಸಿದ ಮೇಲೆ ಏರ್ ತೆಗೆಯುವುದು ಅನಿವಾರ್ಯ. ಡೀಸೆಲ್ಲನ್ನು ಅದುಮಲಾಗದು, ಗಾಳಿಯನ್ನು ಅದುಮಬಹುದು. ಪೈಪಿನಲ್ಲಿ ಗುಳ್ಳೆಯೊಂದು ಉಳಿದರೆ ಪಂಪಿನ ಒತ್ತಡವನ್ನೆಲ್ಲ ಅದೇ ನುಂಗಿಕೊಂಡು, ನಾಜಲ್ಲು ತೆರೆಯುವುದೇ ಇಲ್ಲ, ಇಲ್ಲವೇ ಅರೆಬರೆ ತೆರೆಯುತ್ತದೆ. ಎಂಜಿನ್ನು ಒಮ್ಮೆ ರಭಸದಿಂದ ಏರಿ ಒಮ್ಮೆ ಸೊರಗಿ ಉಯ್ಯಾಲೆಯಾಡತೊಡಗಿದರೆ ಬಹುಮಟ್ಟಿಗೆ ಏರ್ ಹಿಡಿದಿದೆಯೆಂದು ತಿಳಿಯಬೇಕು. ಟ್ಯಾಂಕಿಗೆ ಹತ್ತಿರವಿರುವ ಫಿಲ್ಟರಿನ ಸ್ಕ್ರೂವನ್ನು ಮೊದಲು, ಪಂಪಿನದನ್ನು ಅನಂತರ, ನಾಜಲ್ಲಿನ ಕಡೆಯ ನಟ್ಟನ್ನು ಕಡೆಯಲ್ಲಿ ಸಡಿಲಿಸುತ್ತ, ನೊರೆ ನಿಂತು ಡೀಸೆಲ್ಲು ಮಾತ್ರ ಬರುವವರೆಗೆ ಕಾದು ಬಿಗಿಯಬೇಕು. ಕ್ರಮವನ್ನು ಹಿಂದುಮುಂದು ಮಾಡಿದರೆ ತೆಗೆದ ಏರು ಮತ್ತೆ ಬಂದು ಕೂರುತ್ತದೆ. ಎಲ್ಲ ಸರಿಯಾದ ಮೇಲೆ ಹ್ಯಾಂಡಲನ್ನು ನಿಧಾನವಾಗಿ ತಿರುಗಿಸಿದರೆ ನಾಜಲ್ಲು ಕಿರ್ರ್, ಕಿರ್ರ್ ಎಂದು ಕೂಗುವುದು ಕೇಳಿಸುತ್ತದೆ. ಆ ಕೂಗನ್ನು ಕೇಳಿ ಬಲ್ಲವರಿಗೆ ಬೇರೆ ಪರೀಕ್ಷೆ ಬೇಕಿಲ್ಲ. ನಾಜಲ್ಲನ್ನು ಹೊರಗಿಟ್ಟು ಚಿಮುಕಿಸಿ ನೋಡುವವರು ಮಾತ್ರ ಅದರ ಮುಂದೆ ಕೈಯನ್ನು ಒಡ್ಡಲೇಬಾರದು. ಆ ಒತ್ತಡದ ಡೀಸೆಲ್ಲು ಚರ್ಮವನ್ನು ಸೂಜಿಯಂತೆ ತೂರಿ ಒಳಗೆ ಹೋಗುವುದು, ಬೆರಳನ್ನೇ ಕಳೆದುಕೊಳ್ಳುವ ಪ್ರಸಂಗ ಬರುವುದು.

ಇಷ್ಟರ ಮೇಲೂ ಎಂಜಿನ್ನು ಕುಂಟುತ್ತಿದ್ದರೆ ಒತ್ತಡದ ಪರೀಕ್ಷೆ, ನಮ್ಮವರ ಮಾತಿನಲ್ಲಿ ಕಂಪ್ರೆಷನ್. ಇದಕ್ಕೂ ಉಪಕರಣ ಬೇಡ. ಡೀಸೆಲ್ಲು ಬಂದ್ ಮಾಡಿ, ಒತ್ತಡವನ್ನು ಬಿಡಿಸುವ ಡಿಕಂಪ್ರೆಷನ್ ಲಿವರನ್ನು ಎತ್ತದೆ, ಹ್ಯಾಂಡಲನ್ನು ನಿಧಾನವಾಗಿ ಮೇಲಕ್ಕೆ ತಂದರೆ, ಆರೋಗ್ಯವಂತ ಎಂಜಿನ್ನು ಕೈಯನ್ನು ಹಿಂದಕ್ಕೆ ನೂಕುತ್ತದೆ. ನೂಕದೆ ಸುಮ್ಮನೆ ಸೋತು ಬಿಟ್ಟರೆ, ಅದುಮಿದ ಗಾಳಿ ಎಲ್ಲಿಂದಲೋ ತಪ್ಪಿಸಿಕೊಳ್ಳುತ್ತಿದೆ; ಅದು ಹೋಗುವ ಮುಖ್ಯ ದಾರಿಗಳು ನಾಲ್ಕು. ಗಾಳಿಯ ಡಬ್ಬದ ಬಳಿ ಕಿವಿಯಿಟ್ಟಾಗ ಸುಯ್ಲು ಕೇಳಿಸಿದರೆ ಒಳಗಾಳಿಯ ವಾಲ್ವು. ಸೈಲೆನ್ಸರಿನ ಬಾಯಲ್ಲಿ ಕೇಳಿಸಿದರೆ ಹೊಗೆಯ ವಾಲ್ವು. ಆಯಿಲ್ ಹೊಯ್ಯುವ ಬಾಯಲ್ಲಿ ಕೇಳಿಸಿದರೆ ಪಿಸ್ಟನ್ನಿನ ರಿಂಗು. ತಂಪಿನ ನೀರಿನಲ್ಲಿ ಗುಳ್ಳೆಯೇಳುವುದು ಕಂಡರೆ ಹೆಡ್ ಗ್ಯಾಸ್ಕೆಟ್. ನಾಡಿ ಹಿಡಿದು ವಾತಪಿತ್ತಗಳನ್ನು ಬೇರ್ಪಡಿಸುತ್ತಿದ್ದ ಪಂಡಿತರನ್ನು ನಾನು ಪೂರ್ತಿ ನಂಬಿದವನಲ್ಲ. ಈ ನಾಡಿಯನ್ನು ನಂಬುತ್ತೇನೆ. ವಾಲ್ವಿನ ದೋಷವೆಂದು ಗೊತ್ತಾದರೂ ಕೂಡಲೇ ಹೆಡ್ ಬಿಚ್ಚಬೇಕಾಗಿಲ್ಲ. ಸವೆದು ಸವೆದು ವಾಲ್ವಿನ ಸಂದು ಮಾಯವಾಗಿ, ಅದು ಪೂರ್ತಿ ಮುಚ್ಚದೆ ಇರಬಹುದು. ಎಂಜಿನ್ನು ತಣ್ಣಗಿರುವಾಗ ಫೀಲರ್ ಗೇಜಿನ ತಗಡು ತೂರಿಸಿ, ಕಂಪನಿಯ ಪುಸ್ತಕದಲ್ಲಿ ಹೇಳಿದಷ್ಟು, ಸಾಮಾನ್ಯವಾಗಿ ಮಿಲಿಮೀಟರಿನ ಕಾಲುಭಾಗದ ಆಸುಪಾಸು, ಸಂದು ಬಿಟ್ಟರೆ ಎಷ್ಟೋ ಎಂಜಿನ್ನುಗಳು ಚೇತರಿಸಿಕೊಳ್ಳುತ್ತವೆ.

ಕುಲುಕಾಟವೆಲ್ಲ ಎಂಜಿನ್ನಿನದೇ ಆಗಿರಬೇಕೆಂದೂ ಇಲ್ಲ. ಬೆಲ್ಟುಗಳನ್ನು ಕಳಚಿ ಎಂಜಿನ್ನನ್ನು ಒಂಟಿಯಾಗಿ ಓಡಿಸಿದಾಗ ಅದು ನೆಮ್ಮದಿಯಾಗಿದ್ದರೆ, ದೋಷ ಸವೆದ ಬೆಲ್ಟಿನಲ್ಲೋ ಅಡಿಯ ಬೋಲ್ಟಿನ ಸಡಿಲಿನಲ್ಲೋ ಇರುತ್ತದೆ.

ಇತ್ತೀಚೆಗೆ ತೆಂಗಿನ ತೋಟಗಳಲ್ಲಿಯೂ ಕಬ್ಬಿನ ಸಾಲುಗಳಲ್ಲಿಯೂ ಕಳೆ ತೆಗೆಯಲು ಬಂದಿರುವ ಪೆಟ್ರೋಲಿನ ಸಣ್ಣ ಯಂತ್ರಗಳ ಸ್ವಭಾವ ಬೇರೆ. ಅಲ್ಲಿ ಕಿಡಿಯುಂಟು, ಕಾರ್ಬುರೇಟರುಂಟು. ಮಿಸ್ಸು ಹೊಡೆದರೆ ಪ್ಲಗ್ಗು ಬಿಚ್ಚಿ ಅದರ ಮೂತಿಯ ಬಣ್ಣ ನೋಡಬೇಕು. ತಿಳಿಕಂದು ಇದ್ದರೆ ಕ್ಷೇಮ, ಒಣಮಸಿಯಾದರೆ ಪೆಟ್ರೋಲು ಅತಿ, ಎಣ್ಣೆಯ ಜಿಡ್ಡಾದರೆ ರಿಂಗಿನ ಸಮಾಚಾರ. ಈ ಯಂತ್ರಗಳು ಕೆಟ್ಟು ಬರುವುದು ಬಹುಪಾಲು ಓಡಿಸಿದ್ದರಿಂದಲ್ಲ, ನಾಲ್ಕು ತಿಂಗಳು ಓಡಿಸದೆ ಮೂಲೆಯಲ್ಲಿ ನಿಲ್ಲಿಸಿದ್ದರಿಂದ. ಈಗ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಸೇರಿರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ತೇವ ಮಿತಿಮೀರಿದರೆ ನೀರನ್ನು ಜೊತೆಗೆ ಕರೆದುಕೊಂಡು ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತದೆ. ಕಾರ್ಬುರೇಟರಿನಲ್ಲಿ ನಿಂತ ಪೆಟ್ರೋಲು ಆರಿ ಅಂಟಾಗಿ, ಕೂದಲೆಳೆಯಷ್ಟಿರುವ ಜೆಟ್ಟಿನ ರಂಧ್ರವನ್ನು ಮುಚ್ಚುತ್ತದೆ. ಕಬ್ಬಿನಿಂದ ಹುಟ್ಟಿದ ಎಥನಾಲ್ ಕಬ್ಬಿನ ಗದ್ದೆಯ ಯಂತ್ರದ ಗಂಟಲನ್ನೇ ಕಟ್ಟುವುದು ನಮ್ಮ ಮಂಡ್ಯ ಸೀಮೆಗೆ ಸಲ್ಲುವ ಒಂದು ವಿನೋದ. ಹಂಗಾಮು ಮುಗಿದೊಡನೆ ಟ್ಯಾಂಕನ್ನು ಬರಿದು ಮಾಡಿ, ಕಾರ್ಬುರೇಟರಿನಲ್ಲಿ ಉಳಿದುದು ತೀರಿ ತಾನಾಗಿ ನಿಲ್ಲುವವರೆಗೆ ಎಂಜಿನ್ನನ್ನು ಓಡಿಸಿಬಿಟ್ಟರೆ ಈ ತಂಟೆಯಿಲ್ಲ.

ಡೀಸೆಲ್ ಯಂತ್ರಕ್ಕೆ ಇದಕ್ಕೆ ವಿರುದ್ಧವಾದ ಆಚಾರ. ಅರೆಖಾಲಿಯಾದ ಟ್ಯಾಂಕಿನೊಳಗಿನ ಗಾಳಿಯ ತೇವ ರಾತ್ರಿಯ ತಂಪಿಗೆ ತಗಡಿನ ಗೋಡೆಯಲ್ಲಿ ಬೆವರಾಗಿ ಇಳಿದು ತಳ ಸೇರುವುದರಿಂದ, ಅದನ್ನು ತುಂಬಿಸಿಯೇ ನಿಲ್ಲಿಸಬೇಕು. ಕ್ಯಾನಿನಲ್ಲಿ ತಂದ ಡೀಸೆಲ್ಲನ್ನು ಕೂಡಲೇ ಹೊಯ್ಯದೆ ಒಂದು ರಾತ್ರಿ ಅಲುಗಾಡಿಸದೆ ಇಟ್ಟು, ಮೇಲಿನದನ್ನು ಬಟ್ಟೆಯಲ್ಲಿ ಸೋಸಿ, ತಳದ ನಾಲ್ಕು ಬೆರಳನ್ನು ಬಿಡುವುದು ಮುದುಕರು ಹೇಳಿಕೊಟ್ಟ ಪದ್ಧತಿ. ಆ ಉಳಿಕೆಯನ್ನು ಗಾಜಿನ ಲೋಟದಲ್ಲಿ ಬಿಸಿಲಿಗೆ ಹಿಡಿದು ನೋಡಿದಾಗ, ತಳದಲ್ಲಿ ನೀರಿನ ಮಣಿಗಳು ಪಾದರಸದಂತೆ ಉರುಳಾಡುತ್ತಿದ್ದುದನ್ನು ಕಂಡು ನಾನು ಬೆರಗಾದೆನು. 18 ವರ್ಷ ಇದನ್ನೆಲ್ಲ ಆ ನಾಜೂಕಿನ ಪಂಪಿಗೆ ಕುಡಿಸಿದ್ದೆ.

ಅಂದು ಹೊರಡುವ ಮುನ್ನ ಮುದುಕರು ಆಯಿಲ್ ಹೊಯ್ಯುವ ಬಾಯಿಗೆ ಕಿವಿಯಿಟ್ಟು, ಹುಡುಗನಿಂದ ಹ್ಯಾಂಡಲ್ ತಿರುಗಿಸಿ, ಸ್ವಲ್ಪ ಹೊತ್ತು ಕೇಳುತ್ತ ನಿಂತರು. ಸಣ್ಣಗೆ ಸುಯ್ಲಿದೆ, ರಿಂಗು ಅರ್ಧಕ್ಕರ್ಧ ತೀರಿದೆ, ಆದರೆ ಈ ಬೆಳೆಗೆ ಬಿಚ್ಚುವುದು ಬೇಡ ಎಂದರು. ಬೇಸಗೆಯಲ್ಲಿ, ಕಬ್ಬು ಕಡಿದ ಮೇಲೆ, ಸಿಲಿಂಡರಿನ ಬೋರಿನ ಅಳತೆ ನೋಡಿ ಹೊಸ ರಿಂಗು ಹಾಕಿಸುವುದೆಂದು ನಿಶ್ಚಯವಾಗಿದೆ. ಅದುವರೆಗೆ, ಮಂಜು ಬೀಳುವ ಬೆಳಗುಗಳಲ್ಲಿ ಟಿಲ್ಲರು ಹಟ ಹಿಡಿದರೆ, ಗಾಳಿಯ ಕೊಳವೆಯಲ್ಲಿ ನಾಲ್ಕೈದು ಹನಿ ಎಂಜಿನ್ ಆಯಿಲ್ ಬಿಟ್ಟು, ಅದು ರಿಂಗಿನ ಸಂದಿನಲ್ಲಿ ಹರಡುವಂತೆ ಲಿವರೆತ್ತಿ ಹತ್ತು ಸುತ್ತು ಬರಿದೇ ತಿರುಗಿಸಿ, ಆಮೇಲೆ ಹೊಡೆಯುತ್ತೇವೆ; ಸಾಮಾನ್ಯವಾಗಿ ಮೂರನೆಯ ಹ್ಯಾಂಡಲಿಗೆ, ಒಂದು ತಂಬಿಗೆ ಬಿಳಿ ಹೊಗೆಯನ್ನು ಕೆರೆಯ ಏರಿಯ ಕಡೆಗೆ ಉಗುಳಿ, ಹತ್ತಿಕೊಳ್ಳುತ್ತದೆ.